ಹೈಡ್ರೋಜನ್ ಕಾರು ತಯಾರಾಗಿ ಹತ್ತು ವರ್ಷ ದಾಟಿತು. ರಸ್ತೆ ಮೇಲೆ ಯಾಕೆ ಕಾಣ್ತಿಲ್ಲ?

ಬಿಡದಿ_ಬೋಲ್ಟು

ಗಡ್ಕರಿಯವರು ಹೈಡ್ರೋಜನ್ ಬಗ್ಗೆ ಮಾತಾಡಿದಾಗಲೆಲ್ಲ ನಮ್ಮ ಫ್ಯಾಮಿಲಿ ಗ್ರೂಪಿಗೆ ಅದೇ ಫಾರ್ವರ್ಡ್ ಬಂದು ಬೀಳುತ್ತೆ. ನೀರಿನಲ್ಲಿ ಓಡೋ ಕಾರು ಬಂತು, ಪೆಟ್ರೋಲ್ ಬಂಕಿಗೆಲ್ಲ ಇನ್ನು ಬೀಗ, ಎಲ್ಲರಿಗೂ ಶೇರ್ ಮಾಡಿ. ಜೊತೆಗೊಂದು ಫೋಟೊ: 2022ರ ಮಾರ್ಚ್ 30ರಂದು ಅವರು ಟೊಯೋಟಾದ ಹೈಡ್ರೋಜನ್ ಕಾರು ಮಿರಾಯ್‌ನಲ್ಲಿ ಪಾರ್ಲಿಮೆಂಟಿಗೆ ಬಂದಿಳಿದದ್ದು. ಆ ಪೈಲಟ್ ಯೋಜನೆ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ನವರದೇ, ವಾಹನ ಪರೀಕ್ಷೆ ಮಾಡೋ ಐಕ್ಯಾಟ್ ಸಂಸ್ಥೆಯ ಜೊತೆ ಸೇರಿ ಮಾಡಿದ್ದು. ನಾನು ಬಿಡದಿ ಕಡೆ ಬಿಡಿಭಾಗದ ಕೆಲಸದಲ್ಲಿದೀನಿ ಅನ್ನೋ ಒಂದೇ ಕಾರಣಕ್ಕೆ ನೆಂಟರಿಷ್ಟರಿಗೆಲ್ಲ ಉತ್ತರ ಕೊಡೋ ಜವಾಬ್ದಾರಿ ನನ್ನ ತಲೆ ಮೇಲೆ.

ನನ್ನ ವಾದ ಇಷ್ಟು. ಕಾರಿನ ಮಟ್ಟಿಗೆ ಹೇಳೋದಾದ್ರೆ ಎಂಜಿನಿಯರ್‌ಗಳು ಗೆದ್ದಾಗಿದೆ. ಸೋತಿರೋದು ಬಂಕು.

ಹಿಂದಿನದ್ದು ಸ್ವಲ್ಪ ನೋಡಿ. ಹೈಡ್ರೋಜನ್ನು, ಆಮ್ಲಜನಕ ಸೇರಿಸಿ ಕರೆಂಟು ತೆಗೀಬಹುದು ಅಂತ ವೇಲ್ಸ್‌ನ ವಿಲಿಯಂ ಗ್ರೋವ್ ತೋರಿಸಿದ್ದು 1839ರಲ್ಲಿ. ಈಗ ಫ್ಯೂಯೆಲ್ ಸೆಲ್ ಅನ್ನೋದು ಇದನ್ನೇ. ಅವನು ವೃತ್ತಿಯಲ್ಲಿ ವಕೀಲ. ಅದನ್ನು ಗಾಡಿಗೆ ಕೂರಿಸಿದ್ದು ಜನರಲ್ ಮೋಟಾರ್ಸ್, 1966ರಲ್ಲಿ. ಎಲೆಕ್ಟ್ರೋವ್ಯಾನ್ ಅಂತ ಹೆಸರು. ದ್ರವ ಹೈಡ್ರೋಜನ್‌ಗೊಂದು, ದ್ರವ ಆಮ್ಲಜನಕಕ್ಕೊಂದು ಟ್ಯಾಂಕು, ಮಧ್ಯೆ ಪೈಪುಗಳ ಕಾಡು. ವ್ಯಾನಿನಲ್ಲಿ ಉಳಿದ ಜಾಗ ಮುಂದಿನ ಎರಡು ಸೀಟಿಗೆ ಮಾತ್ರ. ತೂಕ ಮೂರು ಟನ್ ದಾಟಿತ್ತು. ಭಯದಿಂದ ಕಂಪನಿ ಆವರಣ ಬಿಟ್ಟು ಹೊರಗೆ ಓಡಿಸಲೇ ಇಲ್ಲ. 1994ರಲ್ಲಿ ಡೈಮ್ಲರ್‌ನವರು ನೆಕಾರ್ ಅನ್ನೋ ಇಂಥದ್ದೇ ಗಾಡಿ ತಂದಾಗಲೂ ವ್ಯಾನಿನ ಹಿಂಭಾಗವೆಲ್ಲ ಯಂತ್ರವೇ. ಅಲ್ಲಿಂದ ಇಪ್ಪತ್ತು ವರ್ಷಕ್ಕೆ, 2014ರ ಡಿಸೆಂಬರ್‌ನಲ್ಲಿ, ಮಿರಾಯ್ ಜಪಾನಿನ ಶೋರೂಮಿಗೆ ಬಂತು: ನಾಲ್ಕು ಜನ ಕೂರೋ ಸೆಡಾನ್, 72 ಲಕ್ಷ ಯೆನ್ ಚಿಲ್ಲರೆ. ಅದಕ್ಕೂ ಮೊದಲೇ 2013ರಲ್ಲಿ ಹ್ಯುಂಡೈ ಉಲ್ಸಾನ್ ಕಾರ್ಖಾನೆಯಲ್ಲಿ ಐಎಕ್ಸ್35 ಫ್ಯೂಯೆಲ್ ಸೆಲ್ ಕಾರನ್ನು ಸಾಲಾಗಿ ಇಳಿಸೋಕೆ ಶುರು ಮಾಡಿತ್ತು. 2020ರ ಎರಡನೇ ಮಿರಾಯ್‌ನಲ್ಲಿ 5.6 ಕೆಜಿ ಹೈಡ್ರೋಜನ್ ಹಿಡಿಸುತ್ತೆ, ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ 640 ಕಿಲೋಮೀಟರ್ ಮೇಲೆ ಬರುತ್ತೆ, ತುಂಬಿಸೋಕೆ ಐದು ನಿಮಿಷ. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಜೂಕಾಗಿ ಓಡಿಸಿ ಒಂದೇ ಟ್ಯಾಂಕಿಗೆ 1,360 ಕಿಲೋಮೀಟರ್ ತೆಗೆದು ಗಿನ್ನೆಸ್ ದಾಖಲೆಯನ್ನೂ ಮಾಡಿದ್ರು.

ಇಷ್ಟೆಲ್ಲ ಆದಮೇಲೂ ಇಡೀ ಪ್ರಪಂಚದಲ್ಲಿ ಇಂಥ ಗಾಡಿಗಳು ಒಂದು ಲಕ್ಷದ ಆಸುಪಾಸು. ಅಷ್ಟು ಸ್ಕೂಟರ್ ಬೆಂಗಳೂರಿನಲ್ಲಿ ಎಷ್ಟು ದಿನಕ್ಕೆ ರಿಜಿಸ್ಟ್ರೇಷನ್ ಆಗುತ್ತೋ. ಯಾಕೆ ಹೀಗಾಯ್ತು? ಗೊತ್ತಿರೋರು ಬಿಡಿಸಿ ಹೇಳಿ.

ಜಯನಗರ_ಜಗ್ಗ

ನಮ್ಮ ಗ್ರೂಪಲ್ಲೂ ಬಂತು ಗುರು ಆ ಫಾರ್ವರ್ಡ್. ನಮ್ಮ ಭಾವ ಅಂತೂ ಹೊಸ ಕಾರು ಬುಕಿಂಗ್ ಮುಂದಕ್ಕೆ ಹಾಕಿದಾರೆ, ನೀರಿನ ಕಾರು ಬರಲಿ ಅಂತ. ಬಿಡಬ್ಲ್ಯುಎಸ್‌ಎಸ್‌ಬಿ ಕುಡಿಯೋಕೇ ಸರಿಯಾಗಿ ನೀರು ಬಿಡ್ತಿಲ್ಲ, ಇನ್ನು ಕಾರಿಗೆ.

ಮೆಂಬ್ರೇನ್_ಮೇಷ್ಟ್ರು

ಜಗ್ಗ ಅವರೇ, ನಿಮ್ಮ ಭಾವನವರಿಗೆ ದಯವಿಟ್ಟು ತಿಳಿಸಿ: ಈ ಕಾರಿನಲ್ಲಿ ನೀರು ಇಂಧನವಲ್ಲ, ಉರಿದ ಮೇಲೆ ಉಳಿಯುವ ಬೂದಿಯ ಸ್ಥಾನ ಅದರದ್ದು. ನೀರಿನಿಂದ ಮತ್ತೆ ಶಕ್ತಿ ಹೊರಡುವುದಿಲ್ಲ.

ಒಳಗೆ ನಡೆಯುವುದನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಮುಂದಿನ ಜಗಳಕ್ಕೆಲ್ಲ ಇದೇ ಬುನಾದಿ. ಫ್ಯೂಯೆಲ್ ಸೆಲ್ಲಿನ ಮಧ್ಯದಲ್ಲಿ ತೆಳುವಾದ ಒಂದು ಪಾಲಿಮರ್ ಪೊರೆ ಇರುತ್ತದೆ. ಅದರ ಎರಡೂ ಬದಿಗೆ ಇಂಗಾಲದ ಪುಡಿಯ ಮೇಲೆ ಕೂರಿಸಿದ ಪ್ಲಾಟಿನಂ ಕಣಗಳ ಲೇಪ. ಒಂದು ಬದಿಗೆ ಹೈಡ್ರೋಜನ್ ಬರುತ್ತದೆ, ಪ್ಲಾಟಿನಂ ಅದನ್ನು ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳಾಗಿ ಒಡೆಯುತ್ತದೆ. ಪೊರೆ ಪ್ರೋಟಾನನ್ನು ಮಾತ್ರ ಆಚೆಗೆ ಬಿಡುತ್ತದೆ. ಎಲೆಕ್ಟ್ರಾನ್ ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತಿನಲ್ಲೇ ನಮಗೆ ಮೋಟಾರು ತಿರುಗಿಸುವ ವಿದ್ಯುತ್ ಸಿಗುವುದು. ಆಚೆ ಬದಿಯಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಎರಡೂ ಕೂಡಿ ನೀರಾಗುತ್ತವೆ.

ಪುಸ್ತಕದ ಲೆಕ್ಕದಲ್ಲಿ ಇಂಥ ಒಂದು ಕೋಶಕ್ಕೆ, ಅಂದರೆ ಸೆಲ್ಲಿಗೆ, 1.23 ವೋಲ್ಟ್. ಲೋಡ್ ಬಿದ್ದಾಗ ಕೈಗೆ ಸಿಗುವುದು 0.6ರಿಂದ 0.7. ಹಾಗಾಗಿ ನೂರಾರು ಕೋಶಗಳನ್ನು ಒತ್ತೊತ್ತಾಗಿ ಜೋಡಿಸಿ ಸ್ಟ್ಯಾಕ್ ಕಟ್ಟುತ್ತಾರೆ: ಮೊದಲ ಮಿರಾಯ್‌ನಲ್ಲಿ 370, ಎರಡನೆಯದರಲ್ಲಿ 330. ಕೋಶ ಕಡಿಮೆಯಾದರೂ ಶಕ್ತಿ 114 ಕಿಲೋವ್ಯಾಟ್‌ನಿಂದ 128ಕ್ಕೆ ಏರಿತು.

ಎಂಜಿನಿಯರ್‌ಗಳ ನಿಜವಾದ ತಲೆನೋವು ಆ ನೀರೇ. ಪೊರೆ ಒಣಗಿದರೆ ಪ್ರೋಟಾನ್ ದಾಟುವುದಿಲ್ಲ. ಹನಿ ನಿಂತರೆ ಗಾಳಿ ಒಳಗೆ ಬರುವುದಿಲ್ಲ. ರಾತ್ರಿ ಚಳಿಗೆ ಹೆಪ್ಪುಗಟ್ಟಿದರೆ ಕೋಶವೇ ಹಾಳು. ಅದಕ್ಕೇ ಕಾರು ಆಫ್ ಮಾಡಿದ ಮೇಲೂ ಪಂಪು ಸ್ವಲ್ಪ ಹೊತ್ತು ಗುಂಯ್‌ಗುಟ್ಟುತ್ತ ಒಳಗಿನ ತೇವವನ್ನು ಊದಿ ಹೊರಹಾಕುತ್ತದೆ. ಮೊದಲ ಮಿರಾಯ್‌ನ ಹೆಗ್ಗಳಿಕೆ ಎಂದರೆ ತೇವ ಕೊಡಲು ಪ್ರತ್ಯೇಕ ಹ್ಯೂಮಿಡಿಫೈಯರ್ ಇಡದೆ, ಕೋಶದಲ್ಲೇ ಹುಟ್ಟಿದ ನೀರನ್ನು ಒಳಗೇ ಹಂಚುವಂತೆ ಮಾಡಿದ್ದು. ಪತ್ರಿಕೆಗಳಲ್ಲಿ ಇದಕ್ಕೆ ಒಂದು ಸಾಲೂ ಬರಲಿಲ್ಲ. ನನ್ನ ದೃಷ್ಟಿಯಲ್ಲಿ ಆ ಕಾರಿನ ಅತ್ಯಂತ ಚಂದದ ಕೆಲಸ ಅದೇ.

ಸನ್ನಿವೇಲ್_ಸುಮ

ಬಂಕ್ ಸೋತಿದೆ ಅನ್ನೋ ಮಾತಿಗೆ ನಾನು ಸಾಕ್ಷಿ ಹೇಳ್ತೀನಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮನೇಲಿ ಇಂಥ ಕಾರು ಲೀಸ್‌ನಲ್ಲಿತ್ತು. ಯಾವ ಕಂಪನಿ ಅಂತ ಬೇಡ. ಕಾರಿನ ಬಗ್ಗೆ ಒಂದು ದೂರೂ ಇಲ್ಲ. ಸದ್ದಿಲ್ಲ, ಅದುರಲ್ಲ, ಹೈವೇ ಮೇಲೆ ಹೋಗ್ತಿದ್ರೆ ನಿದ್ದೆ ಬರೋ ಹಾಗಿರುತ್ತೆ. ಜೊತೆಗೆ 15,000 ಡಾಲರ್‌ನ ಇಂಧನ ಕಾರ್ಡ್ ಕೊಟ್ಟಿದ್ರು. ಕಾರ್ಡ್ ಇರೋವರೆಗೂ ನಾವೇ ಜಾಣರು ಅನ್ಕೊಂಡಿದ್ವಿ.

ಪಂಪಿನ ಕಥೆ ಕೇಳಿ. ಆ್ಯಪ್‌ನಲ್ಲಿ ಸ್ಟೇಷನ್ ಹಸಿರು ಬಣ್ಣ ತೋರಿಸ್ತಿರುತ್ತೆ, ಹೋಗಿ ನೋಡಿದ್ರೆ ಕೋನ್ ಇಟ್ಟು ಮುಚ್ಚಿರ್ತಾರೆ. ಮುಚ್ಚಿಲ್ಲ ಅಂದ್ರೆ ಮುಂದೆ ನಾಲ್ಕು ಕಾರು. ಒಬ್ಬರು ತುಂಬಿಸಿದ ಮೇಲೆ ಪಂಪಿಗೆ ಮತ್ತೆ ಪ್ರೆಷರ್ ಏರಬೇಕು, ಅದು ಏರೋವರೆಗೂ ಕಾಯಬೇಕು. ಗ್ಯಾಸು ಮೈನಸ್ 40 ಡಿಗ್ರಿಗೆ ತಣ್ಣಗಾಗಿ ಬರೋದ್ರಿಂದ ನಾಝಲ್ ಸುತ್ತ ಗಾಳಿಯ ತೇವ ಐಸ್ ಆಗಿ, ನಾಝಲ್ ಕಾರಿಗೇ ಕಚ್ಕೊಂಡುಬಿಡುತ್ತೆ. ಎಳೆದ್ರೂ ಬರಲ್ಲ. ಹಿಂದಿನ ಕಾರಿನವರು ಹಾರ್ನ್ ಹೊಡೀತಿರ್ತಾರೆ, ನಾವು ಕೈಯಲ್ಲಿ ಉಜ್ಜಿ ಉಜ್ಜಿ ಅದನ್ನ ಬಿಡಿಸ್ಕೋಬೇಕು. ಐದು ನಿಮಿಷದಲ್ಲಿ ಫುಲ್ ಟ್ಯಾಂಕ್ ಅಂತ ಜಾಹೀರಾತು. ಆ ಐದು ನಿಮಿಷ ಶುರುವಾಗೋದು ಯಾವಾಗ ಅಂತ ಜಾಹೀರಾತಲ್ಲಿ ಇರಲಿಲ್ಲ.

ರೇಟು: ಮೊದಮೊದಲು ಕೆಜಿಗೆ 16 ಡಾಲರ್ ಆಸುಪಾಸು. 2023ರ ಕೊನೆ ಹೊತ್ತಿಗೆ 36ಕ್ಕೆ ಹೋಯ್ತು. 5.6 ಕೆಜಿ ಟ್ಯಾಂಕ್ ತುಂಬಿಸಿದ್ರೆ 200 ಡಾಲರ್. ಪಕ್ಕದ ಮನೆಯವರ ಪ್ರಿಯಸ್‌ಗೆ ಮೈಲಿಗೆ ಹತ್ತು ಸೆಂಟ್, ನಮಗೆ ಐವತ್ತು. ಲೀಸ್ ಮುಗಿದ ದಿನ ಕೀ ವಾಪಸ್ ಕೊಟ್ಟು ಕೈ ತೊಳ್ಕೊಂಡ್ವಿ. ದುಡ್ಡು ಕೊಟ್ಟು ಸ್ವಂತಕ್ಕೆ ತಗೊಂಡಿದ್ದ ಸ್ನೇಹಿತರು ಈಗಲೂ ಮಾರೋಕಾಗದೆ ಕೂತಿದಾರೆ. ಸೆಕೆಂಡ್ ಹ್ಯಾಂಡ್ ಬೆಲೆ ಹತ್ತು ಸಾವಿರ ಡಾಲರ್‌ಗಿಂತ ಕೆಳಗಿದೆ.

ಬಿಡದಿ_ಬೋಲ್ಟು

ಸುಮಾ ಮೇಡಂ, ಕಣ್ಣಿಗೆ ಕಟ್ಟಿದ ಹಾಗೆ ಬರೆದ್ರಿ. ಸರ್ಕಾರದ ಕಡೆಯಿಂದ ದುಡ್ಡಿಗೇನೂ ಕೊರತೆ ಇರಲಿಲ್ಲ ಅನ್ನೋದು ಇನ್ನೂ ಸೋಜಿಗ. 2003ರಲ್ಲಿ ಬುಷ್ ಸಾಹೇಬ್ರು 1.2 ಬಿಲಿಯನ್ ಡಾಲರ್ ಘೋಷಿಸಿ, ಇವತ್ತು ಹುಟ್ಟಿದ ಮಗು ದೊಡ್ಡದಾಗಿ ಮೊದಲು ಓಡಿಸೋ ಕಾರು ಹೈಡ್ರೋಜನ್‌ದಾಗಿರಬಹುದು ಅನ್ನೋ ಅರ್ಥದ ಮಾತಾಡಿದ್ರು. ಆ ಮಗುವಿಗೆ 2019ಕ್ಕೇ ಲೈಸೆನ್ಸ್ ವಯಸ್ಸಾಯ್ತು. 2004ರಲ್ಲಿ ಶ್ವಾರ್ಜನೆಗರ್ ಕ್ಯಾಲಿಫೋರ್ನಿಯಾಗೆ ಹೈಡ್ರೋಜನ್ ಹೈವೇ ಅಂದ್ರು, 2010ರೊಳಗೆ 150ರಿಂದ 200 ಸ್ಟೇಷನ್. ಆಗಲಿಲ್ಲ. 2013ರ ಕಾನೂನಿನಲ್ಲಿ ನೂರು ಸ್ಟೇಷನ್ ಆಗೋವರೆಗೂ ವರ್ಷಕ್ಕೆ 20 ಮಿಲಿಯನ್ ಡಾಲರ್ ಎತ್ತಿಟ್ಟರು. ನೂರೂ ಆಗಲಿಲ್ಲ. 2024ರ ಫೆಬ್ರವರಿಯಲ್ಲಿ ಶೆಲ್ ಅಲ್ಲಿದ್ದ ತನ್ನ ಕಾರಿನ ಹೈಡ್ರೋಜನ್ ಸ್ಟೇಷನ್‌ಗಳನ್ನೆಲ್ಲ ಕಾಯಂ ಮುಚ್ಚಿಬಿಡ್ತು.

ಹಾಸನ_ಹೈದ

ಎಲ್ಲ ಸರಿ, ಹೈಡ್ರೋಜನ್ ಟ್ಯಾಂಕಿನ 700 ಬಾರ್ ಪ್ರೆಷರ್ (ನಮ್ಮ ಸುತ್ತಲ ಗಾಳಿಯ ಒತ್ತಡಕ್ಕಿಂತ ಸುಮಾರು 700 ಪಟ್ಟು) ಹಿಂದಿನ ಸೀಟಿನ ಕೆಳಗೆ ಇಟ್ಕೊಂಡು ಶಿರಾಡಿ ಘಾಟಿ ಇಳಿಯೋ ಧೈರ್ಯ ಯಾರಿಗಿದೆ? ಸಿಎನ್‌ಜಿಯೇ 200, ಅದಕ್ಕೇ ನಮ್ಮಮ್ಮ ಹತ್ತಲ್ಲ ಅಂತಾರೆ.

ಪಣಂಬೂರು

ಹಾಸನದವರೇ, ನಾನು ರಿಫೈನರಿಯಲ್ಲಿ ಹೈಡ್ರೋಜನ್ ಯೂನಿಟ್ ಪಕ್ಕದಲ್ಲೇ ಸರ್ವಿಸ್ ಮುಗಿಸಿದ ಜನ. ಹೆದರಬೇಕಾದ್ದು ಉಂಟು, ಆದರೆ ನೀವು ಹೆದರುವ ಜಾಗದಲ್ಲಿ ಅಲ್ಲ.

ಕಾರಿನ ಟ್ಯಾಂಕ್ ಅಂದ್ರೆ ಒಳಗೆ ಪ್ಲಾಸ್ಟಿಕ್ ಪದರ, ಅದರ ಮೇಲೆ ಕಾರ್ಬನ್ ಫೈಬರ್ ಸುತ್ತಿ ಸುತ್ತಿ ಗಟ್ಟಿ ಮಾಡಿದ್ದು. ಬೆಂಕಿ ಬಿದ್ದರೆ ಒಡೆಯುವ ಮೊದಲೇ ಬಿಸಿಗೆ ತೆರೆದುಕೊಳ್ಳುವ ಒಂದು ವಾಲ್ವ್ ಇರ್ತದೆ, 110 ಡಿಗ್ರಿ ಹತ್ತಿರ. ಗ್ಯಾಸ್ ಎಲ್ಲ ಹೊರಗೆ ಹೋಗ್ತದೆ. ಗಾಳಿಗಿಂತ 14 ಪಟ್ಟು ಹಗುರ, ಬಯಲಿನಲ್ಲಿ ಕ್ಷಣದಲ್ಲಿ ಮೇಲೆ ಹೋಯ್ತು. ಪೆಟ್ರೋಲ್‌ನ ಹಾಗೆ ಕಾರಿನ ಕೆಳಗೆ ಹರಡಿ ಉರಿಯುವುದಿಲ್ಲ.

ಗಮ್ಮತ್ತು ಬರುವುದು ಮುಚ್ಚಿದ ಜಾಗದಲ್ಲಿ. ಗಾಳಿಯಲ್ಲಿ 4 ಪರ್ಸೆಂಟ್‌ನಿಂದ 75 ಪರ್ಸೆಂಟ್‌ವರೆಗೆ ಎಷ್ಟು ಬೆರೆತರೂ ಹೊತ್ತಿಕೊಳ್ತದೆ. ಕಿಡಿ ಬೇಕಾದ್ದು ಎಷ್ಟು? ನೈಲಾನ್ ಅಂಗಿ ತೆಗೆಯುವಾಗ ಚಟಪಟ ಅನ್ನುವುದೇ ಧಾರಾಳ ಸಾಕು. ಮತ್ತೆ ಉರಿ ಹಗಲಲ್ಲಿ ಕಾಣುವುದೇ ಇಲ್ಲ ಮಾರಾಯ್ರೆ. ಸೆನ್ಸರ್‌ಗಳು ಬರುವ ಮೊದಲು ಹಳೆಯ ಕೆಲಸಗಾರರು ಲೀಕ್ ಇರಬಹುದು ಅನ್ನಿಸಿದ ಲೈನ್ ಹತ್ತಿರ ಹೋಗುವಾಗ ಕಡ್ಡಿ ಪೊರಕೆಯನ್ನು ಉದ್ದಕ್ಕೆ ಮುಂದೆ ಹಿಡಿದುಕೊಂಡು ನಡೆಯುತ್ತಿದ್ದರು. ಪೊರಕೆಯ ತುದಿ ಹೊತ್ತಿಕೊಂಡರೆ ಉರಿ ಅಲ್ಲಿ ಉಂಟು ಅಂತ ಲೆಕ್ಕ. ನಮ್ಮ ಸೀನಿಯರ್ ಒಬ್ಬರು ಟ್ರೈನಿಗಳಿಗೆ ಮೊದಲ ದಿನ ಕೈಗೆ ಕೊಡುತ್ತಿದ್ದದ್ದು ಹೆಲ್ಮೆಟ್, ಆಮೇಲೆ ಪೊರಕೆ.

2019ರಲ್ಲಿ ನಾರ್ವೆಯ ಸಾಂಡ್ವಿಕಾದಲ್ಲಿ ಒಂದು ಸ್ಟೇಷನ್ ಸಿಡಿಯಿತಲ್ಲ, ಜೂನ್ 10ಕ್ಕೆ? ಕಾರಿಗೂ ಅದಕ್ಕೂ ಸಂಬಂಧವೇ ಇಲ್ಲ. ಹೈ ಪ್ರೆಷರ್ ಟ್ಯಾಂಕಿನ ಪ್ಲಗ್ಗಿನ ಬೋಲ್ಟುಗಳನ್ನು ಜೋಡಿಸುವಾಗ ಸರಿಯಾಗಿ ಬಿಗಿ ಮಾಡಿರಲಿಲ್ಲ. ಸಿಡಿದ ಗಾಳಿಯ ಹೊಡೆತಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಬೇರೆ ಕಾರಿನ ಏರ್‌ಬ್ಯಾಗ್ ಬಿಚ್ಚಿಕೊಂಡು ಇಬ್ಬರಿಗೆ ಸಣ್ಣ ಗಾಯ. ಅದೇ ವರ್ಷ ಮೇ ತಿಂಗಳಲ್ಲಿ ಕೊರಿಯಾದ ಗ್ಯಾಂಗ್ನೆಂಗ್‌ನಲ್ಲಿ ಹೈಡ್ರೋಜನ್ ಟ್ಯಾಂಕಿಗೆ ಆಮ್ಲಜನಕ ಸೇರಿ ಸ್ಫೋಟ ಆಗಿ ಇಬ್ಬರು ಸತ್ತರು. ಎರಡರಲ್ಲೂ ಕೈಕೊಟ್ಟದ್ದು ಸ್ಥಾವರ. ನಮ್ಮಲ್ಲಿ ಬಂಕಿನ ಹುಡುಗನಿಗೆ ತಿಂಗಳಿಗೆ ಎಷ್ಟು ಸಂಬಳ, ಟ್ರೈನಿಂಗ್ ಎಷ್ಟು ದಿನ ಅಂತ ಯೋಚನೆ ಮಾಡಿದರೆ ನನಗೆ ಭಯ ಅಲ್ಲಿ.

ಇನ್ನೊಂದು. ಹೈಡ್ರೋಜನ್ ನಮ್ಮ ದೇಶಕ್ಕೆ ಹೊಸತಲ್ಲ. ವರ್ಷಕ್ಕೆ 50 ಲಕ್ಷ ಟನ್ ಮೇಲೆಯೇ ಬಳಸ್ತೇವೆ. ಎಲ್ಲ ರಿಫೈನರಿಗೆ, ಯೂರಿಯಾಕ್ಕೆ. ಹೆಚ್ಚುಕಡಿಮೆ ಅಷ್ಟೂ ನೈಸರ್ಗಿಕ ಅನಿಲದಿಂದ ಮಾಡಿದ್ದು.

ಜಯನಗರ_ಜಗ್ಗ

ಅಲ್ಲಿಗೆ ಬಂತು ನೋಡಿ ವಿಷಯ. ಅನಿಲದಿಂದ ಒಂದು ಕೆಜಿ ಹೈಡ್ರೋಜನ್ ತೆಗೆದ್ರೆ ಒಂಬತ್ತು ಹತ್ತು ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಗೆ. ಒಂದು ಕೆಜಿಗೆ ಕಾರು ಸುಮಾರು 100 ಕಿಲೋಮೀಟರ್ ಓಡುತ್ತೆ. ಸೈಲೆನ್ಸರಲ್ಲಿ ನೀರು ತೊಟ್ಟಿಕ್ಕೋ ವಿಡಿಯೊ ಎಲ್ಲರೂ ಹಾಕ್ತಾರೆ, ಫ್ಯಾಕ್ಟರಿ ಚಿಮಣಿ ವಿಡಿಯೊ ಯಾರೂ ಹಾಕಲ್ಲ.

ಸೋಲಾರ್ ಥರದ ಕರೆಂಟಿಂದ ಹಸಿರು ಹೈಡ್ರೋಜನ್ ಮಾಡೋಣ ಅಂತೀರಾ? ಲೆಕ್ಕ ಹಾಕಿ. ನೀರನ್ನ ಕರೆಂಟಿಂದ ಒಡೆದು ಒಂದು ಕೆಜಿ ತೆಗೆಯೋಕೆ 50ರಿಂದ 55 ಯೂನಿಟ್. ಅದನ್ನ 700 ಬಾರ್‌ಗೆ ಒತ್ತಿ, ಮೈನಸ್ 40ಕ್ಕೆ ತಣ್ಣಗೆ ಮಾಡಿ ತುಂಬಿಸೋ ಹೊತ್ತಿಗೆ 60 ಅಂತಿಟ್ಕೊಳ್ಳಿ. ಅಂದ್ರೆ 100 ಕಿಲೋಮೀಟರ್‌ಗೆ 60 ಯೂನಿಟ್. ನನ್ನ ಬ್ಯಾಟರಿ ಕಾರಿಗೆ ಚಾರ್ಜಿಂಗ್ ನಷ್ಟ ಸೇರಿ 18.

ಪಾವಗಡದಲ್ಲಿ ಒಂದು ಮೆಗಾವ್ಯಾಟ್ ಸೋಲಾರ್ ತಗೊಳ್ಳಿ. ವರ್ಷಕ್ಕೆ ಅಂದಾಜು 19 ಲಕ್ಷ ಯೂನಿಟ್. ಕಾರು ವರ್ಷಕ್ಕೆ 12,000 ಕಿಲೋಮೀಟರ್ ಓಡಿದ್ರೆ, ಆ ಕರೆಂಟಲ್ಲಿ 880 ಬ್ಯಾಟರಿ ಕಾರು ಓಡುತ್ತೆ. ಹೈಡ್ರೋಜನ್ ಕಾರಾದ್ರೆ 260. ಮನೆ ಅಂಗಳದಲ್ಲಿ ಕಾವೇರಿ ನಲ್ಲಿ ಬರ್ತಿದ್ರೂ ಟ್ಯಾಂಕರ್‌ಗೆ ಫೋನ್ ಮಾಡಿದ ಹಾಗೆ.

ಬಿಡದಿ_ಬೋಲ್ಟು

ಜಗ್ಗ, ನಿನ್ನ ಕಾರು ಪಾವಗಡದ ಬಿಸಿಲಲ್ಲಿ ಚಾರ್ಜ್ ಆಗ್ತಿಲ್ಲ ಗುರು. ರಾತ್ರಿ ಹನ್ನೊಂದಕ್ಕೆ ಪ್ಲಗ್ ಹಾಕ್ತೀಯ. ಆಗ ಬರೋದು ಕಲ್ಲಿದ್ದಲು.

ಜಯನಗರ_ಜಗ್ಗ

ಬರಲಿ. ದೇಶದ ಗ್ರಿಡ್ ಸರಾಸರಿ ಯೂನಿಟ್‌ಗೆ 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂದ್ರೂ ನನಗೆ 100 ಕಿಲೋಮೀಟರ್‌ಗೆ 12-13 ಕೆಜಿ. ಒಳ್ಳೆ ಪೆಟ್ರೋಲ್ ಕಾರಿಗೆ 14ರ ಸುತ್ತ. ಜಾಸ್ತಿ ಲಾಭ ಇಲ್ಲ, ಒಪ್ತೀನಿ. ಈಗ ಅದೇ ಗ್ರಿಡ್ ಕರೆಂಟಲ್ಲಿ ಹೈಡ್ರೋಜನ್ ಮಾಡಿ ನೋಡು: 60 ಇಂಟು 0.7, ಅಂದ್ರೆ 42 ಕೆಜಿ. ಪೆಟ್ರೋಲ್‌ನ ಮೂರರಷ್ಟು. ಅದನ್ನ ಹಸಿರು ನಂಬರ್ ಪ್ಲೇಟ್ ಹಾಕ್ಕೊಂಡು ಓಡಿಸ್ಬೇಕಾ?

ಮಾಡರೇಟರ್

ಬೆಸ್ಕಾಂ ಬಿಲ್ಲಿನ ಬಗ್ಗೆ ಬಂದ ಕಾಮೆಂಟುಗಳನ್ನು ಬೇರೆ ಚರ್ಚೆಗೆ ಸಾಗಿಸಿದ್ದೇನೆ. ವಿಷಯಕ್ಕೆ ಬನ್ನಿ.

ರಾಯಚೂರ್_ಬಿಸಿಲು

ಮೇಷ್ಟ್ರು ಚಳಿಗಾಲದ ಮಾತು ಹೇಳಿದ್ರು. ನಮ್ ಕಡಿ ಬ್ಯಾಸಗಿ ಬಗ್ಗೆ ಯಾರೂ ಕೇಳವಲ್ರು, ಅದಕ್ಕ ನಾನ ಹೇಳ್ತೀನ್ರಿ. ಥರ್ಮಲ್ ಪ್ಲಾಂಟ್‌ನಾಗ ಕೆಲ್ಸ ಮಾಡಾಂವ ನಾ. ದೊಡ್ಡ ಜನರೇಟರ್ ಒಳಗ ತಂಪು ಇಡಾಕ ನಾವು ಹೈಡ್ರೋಜನ್ನೇ ತಿರುಗಿಸ್ತೀವಿ, ಯಾಕಂದ್ರ ಗಾಳಿಗಿಂತ ಅದು ಶಾಖ ಛಲೋ ಒಯ್ತದ. ಹಿಂಗಾಗಿ ಶಾಖದ ಲೆಕ್ಕ ನಮಗ ದಿನಾ ಇರೂದ.

ಪೆಟ್ರೋಲ್ ಇಂಜಿನ್ನಿನ ಶಾಖದಾಗ ದೊಡ್ಡ ಪಾಲು ಸೈಲೆನ್ಸರ್‌ದಿಂದ ಹೊಗಿ ಜೋಡಿ ಹೊರಗ ಹೋಗ್ತದ. ಉಳಿದಿದ್ದಷ್ಟ ರೇಡಿಯೇಟರ್‌ಗೆ. ಫ್ಯೂಯೆಲ್ ಸೆಲ್‌ದಾಗ ಹಂಗಿಲ್ಲ. ಸೈಲೆನ್ಸರ್‌ದಾಗ ಬರೂದು ಉಗುರುಬೆಚ್ಚಗಿನ ಉಗಿ. ಹತ್ತಿರ ಹತ್ತಿರ ಎಲ್ಲಾ ಶಾಖಾನೂ ರೇಡಿಯೇಟರ್ ಮ್ಯಾಲೇ ಬೀಳ್ತದ. ಮ್ಯಾಲ ಇನ್ನೊಂದು ತ್ರಾಸು: ಪೆಟ್ರೋಲ್ ಇಂಜಿನ್ನಿನ ನೀರು 90-100 ಡಿಗ್ರಿ ತನಕ ಹೋದ್ರೂ ನಡೀತದ, ಇದು 80ರ ಹತ್ರಾನ ಇರಬೇಕು, ಇಲ್ಲಾಂದ್ರ ಪೊರಿ ಒಣಗ್ತದ. ಟೋಕಿಯೋದಾಗ ಹೊರಗ 25 ಇದ್ದಾಗ ನಡುವಿನ ಅಂತರ 55 ಡಿಗ್ರಿ. ರಾಯಚೂರಾಗ ಮೇ ತಿಂಗಳ ಮಧ್ಯಾಹ್ನ 44 ಇದ್ದಾಗ ಬರೇ 36. ಅಷ್ಟ ಶಾಖ ಹೊರಗ ಹಾಕಬೇಕಂದ್ರ ರೇಡಿಯೇಟರ್ ಒಂದೂವರಿ ಪಟ್ಟು ಬೇಕು. ಲಾರಿ ಲೋಡ್ ಹಾಕ್ಕೊಂಡು ಏರು ಹತ್ತೂ ಮುಂದ ಏನ್ ಆಗ್ತದ ನೀವ ಯೋಚಿಸ್ರಿ.

ಮೆಂಬ್ರೇನ್_ಮೇಷ್ಟ್ರು

ರಾಯಚೂರಿನವರ ಮಾತು ನೂರಕ್ಕೆ ನೂರು ಸರಿ. ಇದೇ ಕಾರಣಕ್ಕೆ 100 ಡಿಗ್ರಿ ದಾಟಿ ಕೆಲಸ ಮಾಡುವ ಪೊರೆಗಳ ಹಿಂದೆ ಪ್ರಪಂಚದಾದ್ಯಂತ ಸಂಶೋಧಕರು ಬಿದ್ದಿದ್ದಾರೆ. ಜೊತೆಗೆ ಗಾಳಿಯ ಪ್ರಶ್ನೆಯೂ ಇದೆ. ಸ್ಟ್ಯಾಕ್ ಹೊರಗಿನ ಗಾಳಿಯನ್ನೇ ಉಸಿರಾಡುತ್ತದೆ. ಗಂಧಕದ ಹೊಗೆ, ಡೀಸೆಲ್ ಹೊಗೆಯ ನೈಟ್ರೋಜನ್ ಆಕ್ಸೈಡುಗಳು ಪ್ಲಾಟಿನಂ ಮೇಲೆ ಕೂತು ಅದರ ಕೆಲಸ ನಿಲ್ಲಿಸುತ್ತವೆ. ಹೈಡ್ರೋಜನ್ ಕಡೆಯಿಂದಲೂ ಅಷ್ಟೇ ಮಡಿ: ಶುದ್ಧತೆ 99.97 ಶೇಕಡ ಇರಬೇಕು, ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷಕ್ಕೆ 0.2 ಭಾಗ ಮೀರುವಂತಿಲ್ಲ. ಕಲಬೆರಕೆ ಪೆಟ್ರೋಲ್ ಹಾಕಿದರೆ ಕಾರು ಕೆಮ್ಮುತ್ತ ಮುಂದೆ ಹೋಗುತ್ತದೆ. ಕಲಬೆರಕೆ ಹೈಡ್ರೋಜನ್ ಹಾಕಿದರೆ ಲಕ್ಷಾಂತರ ರೂಪಾಯಿಯ ಸ್ಟ್ಯಾಕ್ ಹೋಗುತ್ತದೆ.

ಕವಾಸಾಕಿ_ಕಿಟ್ಟಿ

ಟೋಕಿಯೋ ಹೆಸರು ಬಂತು ಅಂತ ಬರೀತಿದೀನಿ. ಇಷ್ಟು ಸಮಸ್ಯೆ ಇದ್ರೂ ಜಪಾನ್ ಯಾಕೆ ಬಿಡ್ತಿಲ್ಲ ಅಂತ ನಮ್ಮೂರಿನವರು ಕೇಳ್ತಿರ್ತಾರೆ. ಇಲ್ಲಿ ಎಣ್ಣೆ ಇಲ್ಲ, ಅನಿಲ ಇಲ್ಲ, ಸೋಲಾರ್ ಹಾಕೋಕೆ ಬಯಲು ಜಾಗ ಇಲ್ಲ. ಫುಕುಶಿಮಾ ಆದಮೇಲೆ ಅಣುಶಕ್ತಿಯ ಮೇಲೂ ನಂಬಿಕೆ ಹೋಯ್ತು. ಶಕ್ತಿಯನ್ನ ಹೇಗಿದ್ರೂ ಹಡಗಲ್ಲೇ ತರಬೇಕು ಅಂದಮೇಲೆ ಎಣ್ಣೆ ಬದಲು ಹೈಡ್ರೋಜನ್ ತರೋಣ ಅನ್ನೋದು ಇವರ ಯೋಚನೆ. 2017ರಲ್ಲೇ ರಾಷ್ಟ್ರೀಯ ಹೈಡ್ರೋಜನ್ ನೀತಿ ಮಾಡಿದ್ರು. 2022ರಲ್ಲಿ ಸುಯ್‌ಸೋ ಫ್ರಾಂಟಿಯರ್ ಹಡಗು ಆಸ್ಟ್ರೇಲಿಯಾದಿಂದ ದ್ರವ ಹೈಡ್ರೋಜನ್ ತುಂಬ್ಕೊಂಡು ಕೋಬೆಗೆ ಬಂತು. ಅಲ್ಲಿ ಅದನ್ನ ಮಾಡಿದ್ದು ಕಂದು ಕಲ್ಲಿದ್ದಲಿಂದ ಅನ್ನೋದು ಬೇರೆ ಮಾತು. ಫುಕುಶಿಮಾದ ನಾಮಿಯೆಯಲ್ಲಿ ಸೋಲಾರ್ ಕರೆಂಟಿಂದ ಹೈಡ್ರೋಜನ್ ಮಾಡೋ 10 ಮೆಗಾವ್ಯಾಟ್ ಘಟಕವೂ 2020ರಿಂದ ಇದೆ.

ಮನೆಗಳಿಗೆ ಕರೆಂಟು, ಬಿಸಿನೀರು ಎರಡೂ ಕೊಡೋ ಸಣ್ಣ ಫ್ಯೂಯೆಲ್ ಸೆಲ್‌ಗಳನ್ನ 2009ರಿಂದ ಇಲ್ಲಿ ಮಾರ್ತಿದಾರೆ, ನಾಲ್ಕು ಲಕ್ಷಕ್ಕೂ ಮೇಲೆ ಹೋಗಿವೆ. ಅದು ನಿಜಕ್ಕೂ ಓಡಿದ ಕುದುರೆ. ಕಾರು ಮಾತ್ರ ಓಡಲಿಲ್ಲ. 2020ಕ್ಕೆ 40,000, 2030ಕ್ಕೆ ಎಂಟು ಲಕ್ಷ ಅಂತ ಗುರಿ ಇಟ್ಟಿದ್ರು. 2020ರಲ್ಲಿ ರಸ್ತೆ ಮೇಲಿದ್ದದ್ದು ಕೆಲವೇ ಸಾವಿರ. ಸ್ಟೇಷನ್‌ಗಳು ಆಫೀಸ್ ಥರ, ಸಂಜೆ ಬೇಗ ಬಾಗಿಲು, ಎಷ್ಟೋ ಕಡೆ ವಾರಕ್ಕೊಂದೆರಡು ರಜೆ. ಇಲ್ಲಿ ನೌಕರರೇ ತುಂಬಿಸಿಕೊಡ್ತಾರೆ, ಬಗ್ಗಿ ನಮಸ್ಕಾರವನ್ನೂ ಮಾಡ್ತಾರೆ. ಆದ್ರೆ ಆ ನಮಸ್ಕಾರ ಪಡೆಯೋಕೆ ದಿನಕ್ಕೆ ಎಷ್ಟು ಕಾರು ಬರುತ್ತೆ ಅಂತ ಪಾಪ ಅವರನ್ನೇ ಕೇಳ್ಬೇಕು.

ಲಾರಿ_ಮಂಜ

ಕಾರಿನ ಮಾತು ಸಾಕು ಅಣ್ಣ. ನಮ್ಮಂಥೋರಿಗೆ ಏನಾದ್ರೂ ಇದೆಯಾ? ಚಿತ್ರದುರ್ಗದಿಂದ ಮುಂಬೈಗೆ ಅದಿರು, ಈರುಳ್ಳಿ ಏನ್ ಸಿಕ್ಕಿದ್ರೂ ಹಾಕ್ಕೊಂಡು ಹೋಗೋ ಗಾಡಿ ನಮ್ದು. ಬ್ಯಾಟರಿ ಲಾರಿ ತೋರ್ಸಿದ್ರು. ಬ್ಯಾಟರಿ ಭಾರಕ್ಕೆ ಲೋಡ್ ಕಮ್ಮಿ ಮಾಡ್ಬೇಕು, ಚಾರ್ಜ್ ಆಗೋವರ್ಗೂ ಡ್ರೈವರ್ ಢಾಬಾದಲ್ಲಿ ಮಲಗ್ಬೇಕು. ಬಾಡಿಗೆ ಯಾರು ಕೊಡ್ತಾರೆ?

ಬಿಡದಿ_ಬೋಲ್ಟು

ಮಂಜಣ್ಣ, ನಿಮ್ಮ ಪ್ರಶ್ನೆಗೇ ಈಗ ಎಲ್ಲರ ಕಣ್ಣು. 2021ರಲ್ಲಿ ಹೋಂಡಾ ತನ್ನ ಕ್ಲಾರಿಟಿ ಹೈಡ್ರೋಜನ್ ಕಾರು ನಿಲ್ಲಿಸ್ತು. 2024ರಲ್ಲಿ ಸಿಆರ್‌-ವಿ ರೂಪದಲ್ಲಿ ಮತ್ತೆ ತಂತು, ಈ ಸಲ ಪ್ಲಗ್ ಹಾಕಿ ಚಾರ್ಜ್ ಮಾಡೋ ಬ್ಯಾಟರಿಯನ್ನೂ ಸೇರಿಸಿ. ಬಂಕ್ ಸಿಗದಿದ್ರೂ ಮನೆ ಸೇರಬಹುದಲ್ಲ. 2025ರಲ್ಲಿ ಸ್ಟೆಲಾಂಟಿಸ್ ಹೈಡ್ರೋಜನ್ ಯೋಜನೆಯನ್ನೇ ಕೈಬಿಟ್ಟಿತು. ಕಾರಿನಿಂದ ಒಬ್ಬೊಬ್ಬರೇ ಹಿಂದೆ ಸರಿದು ಲಾರಿ, ಬಸ್ಸಿನ ಕಡೆ ಹೊರಳ್ತಿದಾರೆ.

ನಮ್ಮಲ್ಲಿ 2023ರ ಜನವರಿ 4ರಂದು ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ಮಂಜೂರಾಯ್ತು. ಅದರಡಿ 2025ರ ಮಾರ್ಚ್‌ನಲ್ಲಿ 37 ಬಸ್ಸು, ಲಾರಿಗಳ ಪ್ರಯೋಗಕ್ಕೆ ಒಪ್ಪಿಗೆ ಸಿಕ್ತು, 9 ಸ್ಟೇಷನ್ ಸೇರಿ 208 ಕೋಟಿ. ಗಮನಿಸಿ, ಆ 37ರಲ್ಲಿ ಫ್ಯೂಯೆಲ್ ಸೆಲ್ ಇರೋದು 15ಕ್ಕೆ ಮಾತ್ರ. ಉಳಿದ 22 ಹೈಡ್ರೋಜನ್ನನ್ನ ಡೀಸೆಲ್ ಥರಾನೇ ಇಂಜಿನ್ ಒಳಗೆ ಸುಡೋವು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ರಿಲಯನ್ಸ್, ಅಶೋಕ್ ಲೇಲ್ಯಾಂಡ್ ತೋರಿಸಿದ ಲಾರಿ ಕೂಡ ಇಂಜಿನ್ನಿನದ್ದೇ.

ಲಾರಿ_ಮಂಜ

ಇಂಜಿನ್ ಆದ್ರೆ ನಮ್ಮ ಮೇಸ್ತ್ರಿನೇ ಬಿಚ್ತಾನೆ. ಅದು ಬರ್ಲಿ. ಆ ಪ್ರಯೋಗದ ರೂಟಲ್ಲಿ ನಮ್ಮ ಎನ್‌ಎಚ್ 48 ಇದೆಯಾ?

ಬಿಡದಿ_ಬೋಲ್ಟು

ಪುಣೆ–ಮುಂಬೈ, ಅಹಮದಾಬಾದ್–ಸೂರತ್ ಇದೆ. ತಿರುವನಂತಪುರ–ಕೊಚ್ಚಿ ಇದೆ, ಜಮ್ಶೆಡ್‌ಪುರ–ಕಳಿಂಗ ನಗರ ಇದೆ, ಪುರಿ, ಕೋನಾರ್ಕ್ ಕೂಡ ಇದೆ. ಕರ್ನಾಟಕದ ಒಂದು ರಸ್ತೆಯೂ ಇಲ್ಲ.

ಜಯನಗರ_ಜಗ್ಗ

ಅದಕ್ಕೂ ನಮ್ಮ ಎಂಪಿಗಳು ಸುಮ್ನಿದಾರೆ ಅಲ್ವಾ. ಸರಿ, ಮಾಡರೇಟರ್ ಬರೋ ಮೊದಲೇ ನಿಲ್ಲಿಸ್ತೀನಿ. ಆದ್ರೂ ಮಂಜಣ್ಣ, ಲಾರಿಯಲ್ಲೂ ಬ್ಯಾಟರಿ ಓಡಿ ಮುಂದೆ ಹೋಗ್ತಿದೆ. ಹೈಡ್ರೋಜನ್ ಲಾರಿ ಅಂತ ಊರೆಲ್ಲ ಸಾರಿದ್ದ ಅಮೆರಿಕದ ನಿಕೋಲಾ 2025ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕ್ತು.

ಮೆಂಬ್ರೇನ್_ಮೇಷ್ಟ್ರು

ಕರ್ನಾಟಕದ ರಸ್ತೆ ಇಲ್ಲದಿರಬಹುದು, ಪ್ರಯೋಗಾಲಯ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ದಾಸಪ್ಪನವರ ತಂಡ ಕೃಷಿ ತ್ಯಾಜ್ಯದಂಥ ಜೈವಿಕ ರಾಶಿಯನ್ನು ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿ ಹೈಡ್ರೋಜನ್ ತೆಗೆಯುವ ವಿಧಾನ ರೂಪಿಸಿದೆ. ಒಂದು ಕೆಜಿ ಜೈವಿಕ ರಾಶಿಗೆ 100 ಗ್ರಾಂ. ಆ ರಾಶಿಯಲ್ಲಿರುವುದೇ 60 ಗ್ರಾಂ ಹೈಡ್ರೋಜನ್, ಉಳಿದ 40 ಬರುವುದು ಹಬೆಯಿಂದ. ಹತ್ತು ಕೆಜಿ ಒಣ ಕಡ್ಡಿಕಸಕ್ಕೆ ಕಾರು 100 ಕಿಲೋಮೀಟರ್ ಎಂದು ಜಗ್ಗ ಅವರು ಲೆಕ್ಕ ಹಾಕಿಕೊಳ್ಳಲಿ. ವಿದ್ಯುತ್ತಿನ ಜಗಳ ಇಲ್ಲಿ ಅಷ್ಟಾಗಿ ಬರುವುದಿಲ್ಲ. ಕಸ ಒಟ್ಟುಗೂಡಿಸಿ ತರುವ ಜಗಳ ಬರುತ್ತದೆ.

ಭಾರತದಲ್ಲಿ ಹೈಡ್ರೋಜನ್ ಬಸ್ಸಿಗೆ ನಾಂದಿ ಹಾಡಿದವರಲ್ಲಿ ಇಸ್ರೋ ಕೂಡ ಒಂದು ಎಂಬುದು ಬಹಳ ಜನಕ್ಕೆ ಮರೆತಿದೆ. 2013ರ ಜುಲೈನಲ್ಲಿ ಮಹೇಂದ್ರಗಿರಿಯಲ್ಲಿ ಟಾಟಾ ಮೋಟಾರ್ಸ್ ಜೊತೆ ಓಡಿಸಿ ತೋರಿಸಿದರು. ರಾಕೆಟ್ಟಿಗೆ ದ್ರವ ಹೈಡ್ರೋಜನ್ ನಿಭಾಯಿಸಿದ ಕೈಗಳಿಗೆ ಬಸ್ಸು ದೊಡ್ಡದಲ್ಲ. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರಲ್ಲಿ ಪುಟ್ಟದೊಂದು ಫ್ಯೂಯೆಲ್ ಸೆಲ್ ಇಟ್ಟು, ಕಕ್ಷೆಯಲ್ಲೇ 180 ವ್ಯಾಟ್ ತೆಗೆದರು. ಗಗನಯಾತ್ರಿಗಳಿಗೆ ವಿದ್ಯುತ್ತೂ ಬೇಕು, ಕುಡಿಯುವ ನೀರೂ ಬೇಕು. ಅಲ್ಲಿ ಕೆಜಿಗೆ ಎಷ್ಟು ಡಾಲರ್ ಎಂದು ಯಾರೂ ಕೇಳುವುದಿಲ್ಲ.

ಪಣಂಬೂರು

ಮೇಷ್ಟ್ರೇ, ನನ್ನ ಒಂದು ಅಭಿಪ್ರಾಯ. ಹಸಿರು ಹೈಡ್ರೋಜನ್ ಮೊದಲ ಕೆಜಿ ಸಿಕ್ಕಿದ ಕೂಡಲೇ ಅದನ್ನು ಕಾರಿಗೆ ಹಾಕುವುದು ಯಾಕೆ? ರಿಫೈನರಿಗೆ, ಗೊಬ್ಬರದ ಫ್ಯಾಕ್ಟರಿಗೆ ಕೊಡಿ. ಅಲ್ಲಿ ಟ್ಯಾಂಕ್ ಉಂಟು, ಪೈಪ್ ಉಂಟು, ಪೊರಕೆ ಹಿಡಿಯಲು ಗೊತ್ತಿರುವ ಜನ ಉಂಟು. 700 ಬಾರ್‌ಗೆ ಒತ್ತುವ ಖರ್ಚೂ ಇಲ್ಲ, 99.97ರ ಮಡಿಯೂ ಬೇಡ. ಅಲ್ಲಿನ 50 ಲಕ್ಷ ಟನ್ ಬದಲಾಯಿಸುವುದೇ ಇನ್ನು ಹತ್ತು ವರ್ಷದ ಕೆಲಸ. ಮಿಷನ್ 2030ಕ್ಕೆ ಇಟ್ಟ ಗುರಿಯೂ ಸರಿಯಾಗಿ ಅಷ್ಟೇ, ವರ್ಷಕ್ಕೆ 50 ಲಕ್ಷ ಟನ್.

ಬಿಡದಿ_ಬೋಲ್ಟು

ಕಾರು ಕಟ್ಟೋ ಊರಿನವನಾಗಿ ಒಪ್ಪೋಕೆ ಮನಸ್ಸಿಲ್ಲ. ಆದ್ರೆ ಇದಕ್ಕೆ ಎದುರು ವಾದ ನನ್ನ ಹತ್ರ ಇಲ್ಲ. ಒಂದೇ ಒಂದು ಮಾತು: ಲೇಹ್‌ನಂಥ ಜಾಗ ಬೇರೆ. ಅಲ್ಲಿ ಎನ್‌ಟಿಪಿಸಿ ಹೈಡ್ರೋಜನ್ ಬಸ್ಸು, ಸ್ಟೇಷನ್ ಎರಡನ್ನೂ ಇಟ್ಟಿದೆ. 3,600 ಮೀಟರ್ ಎತ್ತರ, ಬೇಕಾದಷ್ಟು ಬಿಸಿಲು, ಡೀಸೆಲ್ ಕೆಳಗಿಂದ ಹೊತ್ತು ತರಬೇಕು. ಬಸ್ಸು ದಿನಾ ಸಂಜೆ ಅದೇ ಡಿಪೋಗೆ ವಾಪಸ್ ಬರುತ್ತೆ, ಒಂದೇ ಸ್ಟೇಷನ್ ಸಾಕು.

ಹಾಸನ_ಹೈದ

ಅದೆಲ್ಲ ಇರಲಿ ಸಾರ್, ಮುಂದಿನ ತಿಂಗಳು ನಮ್ಮಪ್ಪಂಗೆ ಕಾರು ತಗೋಬೇಕು. ತೋಟಕ್ಕೂ ಹಾಸನಕ್ಕೂ ಓಡಾಟ. ಹೈಡ್ರೋಜನ್‌ಗೆ ಕಾಯ್ಲಾ?

ಸನ್ನಿವೇಲ್_ಸುಮ

ನಿಮ್ಮ ತೋಟದಿಂದ ನೂರು ಕಿಲೋಮೀಟರ್ ಒಳಗೆ ಒಂದಲ್ಲ, ಎರಡು ಹೈಡ್ರೋಜನ್ ಬಂಕ್ ಆಗೋವರೆಗೂ ತಗೋಬೇಡಿ. ಒಂದು ಯಾವಾಗಲೂ ಕೆಟ್ಟಿರುತ್ತೆ.